ಬೆರಳಿಗೆ ಗೊತ್ತಾಗುವ ದಾರ

ಫೆಬ್ರವರಿ 3, ಸೋಮವಾರ

ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ ಇದು. ಪ್ರತಿ ಪುಟದ ಕೆಳಗೂ ಒಂದು ಚೀಲದ ಚಿತ್ರ. ಬೆಳಿಗ್ಗೆ ಮಗಳು ಧನುಶ್ರೀ ಯಳಂದೂರಿನ ಬಸ್ಸಿಗೆ ಹೊರಟವಳು ಇದನ್ನು ನನ್ನ ಮುಂದೆ ಎಸೆದು, "ಬಯ್ಯೋದಿದ್ರೆ ಇದ್ಕೆ ಬಯ್ಯಮ್ಮ, ಅಪ್ಪನ್ನ ಬುಟ್ಬುಡು" ಅಂದಳು. ತಾಲ್ಲೂಕು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿದಾಗಿನಿಂದ ಇವಳಿಗೂ ನಾಲಗೆ ಉದ್ದವಾಗಿದೆ. ಯಾರ ಮಗಳು ಅಂತ ಕೇಳಬೇಡಿ.

ಸರಿ, ಬಯ್ಯುತ್ತೇನೆ. ಗಂಡನ ಹೆಸರು ಹೇಳಬಾರದು ಅಂತ ಇಪ್ಪತ್ತೈದು ವರ್ಷ ಹೇಳಿಲ್ಲ. ಪುಸ್ತಕಕ್ಕೇನು? ಶಿವನಂಜಯ್ಯ. ಶಿವನಂಜಯ್ಯ. ಶಿವನಂಜಯ್ಯ. ಬರೆದೆ, ಆಕಾಶವೇನೂ ಕಳಚಿ ಬೀಳಲಿಲ್ಲ.

ಈ ಶಿವನಂಜಯ್ಯ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಶುಗರ್ ಇತ್ತು. ಕಣ್ಣು ಮಂಜಾಗುತ್ತಿರುವುದು ಅವನಿಗೆ ಮೂರು ವರ್ಷದ ಹಿಂದೆಯೇ ಗೊತ್ತಾಗಿತ್ತು. ಕ್ಯಾಂಪಿಗೆ ಬಂದಿದ್ದ ಕಣ್ಣಿನ ಡಾಕ್ಟರು, ತಡಮಾಡದೆ ಮೈಸೂರಿಗೆ ಹೋಗಿ ಲೇಸರ್ ಮಾಡಿಸಿಕೊ ಅಂತ ಚೀಟಿ ಬರೆದು ಕೊಟ್ಟಿದ್ದರು. ಮಹಾನುಭಾವ ಆ ಚೀಟಿಯನ್ನು ನಾಲ್ಕಾಗಿ ಮಡಿಸಿ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿಟ್ಟು ಸುಮ್ಮನಾದ. ನನಗೆ ಒಂದು ಮಾತು ಹೇಳಲಿಲ್ಲ. ಹೋದ ಅಕ್ಟೋಬರಿನಲ್ಲಿ ಒಂದು ದಿನ ಎದ್ದವನು, "ದೀಪ ಆಕು" ಅಂದ. ಬೆಳಿಗ್ಗೆ ಒಂಬತ್ತು ಗಂಟೆ. ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು.

ಅವತ್ತಿನಿಂದ ಮಂಚ ಬಿಟ್ಟಿಲ್ಲ. ಇನ್ಸುಲಿನ್ ಸೂಜಿ ಹಿಡಿದು ಹೋದರೆ ಕೈ ತಳ್ಳುತ್ತಾನೆ. ಈ ವಾರದಲ್ಲಿ ಎರಡು ಸಲ ತಟ್ಟೆ ಎಸೆದ. "ಸಾಯ್ತೀನಿ ಬುಡು" ಅನ್ನುವುದೊಂದೇ ಮಾತು. ಕೊಳ್ಳೇಗಾಲದ ಡಾಕ್ಟರಮ್ಮ ಮೊನ್ನೆ ನನ್ನನ್ನು ಬಾಗಿಲ ಹೊರಗೆ ಕರೆದು, "ಹೀಗೇ ಮಲಗಿದ್ದರೆ, ಸೂಜಿ ತಪ್ಪಿಸಿದರೆ, ಮೊದಲು ಕಾಲು ಹೋಗುತ್ತೆ, ಆಮೇಲೆ ಮನುಷ್ಯ ಹೋಗ್ತಾರೆ. ಹೇಗಾದರೂ ಹೊರಗೆ ಕರೆದುಕೊಂಡು ಬನ್ನಿ" ಅಂದರು. ಹೇಗಾದರೂ ಅಂತೆ. ನಾನೇನು ಬುಟ್ಟಿಯಲ್ಲಿ ಹೊತ್ತು ತಿರುಗಲೇ?

ಇಪ್ಪತ್ತಮೂರು ವರ್ಷ ಕೊಳ್ಳೇಗಾಲದ ಫಿಲೇಚರಿನಲ್ಲಿ ರೇಷ್ಮೆ ನೂಲು ಬಿಚ್ಚಿದವಳು ನಾನು, ಮಾದೇವಮ್ಮ. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುವಾಗ ಎಳೆ ಎಂಟು ಬಂತೋ ಒಂಬತ್ತು ಬಂತೋ ಅಂತ ಬೆರಳಲ್ಲೇ ಹೇಳುತ್ತಿದ್ದೆ. ಇವನನ್ನು ನೋಡಿಕೊಳ್ಳಲು ಆ ಕೆಲಸ ಬಿಟ್ಟೆ. ಈಗ ಇವನು ಎಸೆದ ಅನ್ನ ಬಳಿಯುತ್ತಿದ್ದೇನೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಫೆಬ್ರವರಿ 9, ಭಾನುವಾರ

ಪುಟ್ಟಮಾದಪ್ಪ ಬಂದಿದ್ದ. ಇವನ ಜೊತೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಬಂದವರೆಲ್ಲ ಮಾಡುವ ಹಾಗೆ ಬಾಗಿಲಲ್ಲೇ ಶುರುಮಾಡಿದ, "ಅಯ್ಯೋ, ಎಂಗಿದ್ದ ಮನ್ಸ ಎಂಗಾಗೋದ" ಅಂತ. ಇನ್ನೊಂದು ಸಲ ಅಯ್ಯೋ ಅಂದರೆ ಕಾಫಿ ಇಲ್ಲ ಅಂದೆ. ಬಾಯಿ ಮುಚ್ಚಿಕೊಂಡು ಕೂತ.

ಕೂತು ಕೂತು ಬೇಸರವಾಗಿ ನಮ್ಮೂರ ಕೆರೆಯ ವಿಷಯ ತೆಗೆದ. ಈ ವರ್ಷ ಕೆರೆ ತುಂಬಿದೆ, ಜಿಲೇಬಿ ಮೀನು ಸೊಕ್ಕಿ ಬೆಳೆದಿದೆ, ಸಂಜೆ ಹೊತ್ತು ಹೋಗಿ ಗಾಳ ಹಾಕುತ್ತೇನೆ ಅಂತ. ನಾಲ್ಕು ತಿಂಗಳಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಈ ಕಡೆ ತಿರುಗಿದ.

"ಬೆಂಡು ಮುಳುಗೋದು ನೋಡ್ಬೇಕಲ್ಲಲಾ" ಅಂದ.

"ಕೋಲು ಬೆಂಡು ಎಲ್ಲಾ ಯಾಕಣ್ಣ? ಬರೀ ದಾರ ಕೈಲಿ ಇಡ್ಕಂಡು ಆಕೋರು ಅವ್ರೆ. ನೀರಿನ್ ಬಾಟ್ಲಿಗೆ ಸುತ್ಕಳದು, ಗಾಳ ಎಸ್ಯೋದು, ದಾರ ತೋರುಬೆಳ್ಳ ಮೇಲೆ ಇಟ್ಕಂಡು ಕುಂತ್ಕಳದು. ಮೀನು ಮುಟ್ಟದ್ರೆ ಬೆಳ್ಳಿಗೆ ಬತ್ತದೆ."

"ಕೈಗೆ ಗೊತ್ತಾಯ್ತದಾ?"

"ಗೊತ್ತಾಗ್ದೆ ಏನು?"

ನಾಲ್ಕು ತಿಂಗಳಿಂದ ನಾನು ಗಂಟಲು ಹರಿದುಕೊಂಡೆ. ತಲೆ ಬಾಚಿದೆ, ಬೆನ್ನು ಉಜ್ಜಿದೆ, ರೇಡಿಯೋ ಹಾಕಿದೆ, ಅತ್ತು ಕರೆದೆ, ಬೈದೆ. ಒಂದಕ್ಕೂ ಜವಾಬಿಲ್ಲ. ಈ ಬೀಡಿ ನಾತದ ಪುಟ್ಟಮಾದಪ್ಪ ಮೀನು ಅಂದ ತಕ್ಷಣ ಎದ್ದು ಕೂತ! ಮೈಯೆಲ್ಲ ಉರಿದು ಹೋಯಿತು. ಅವನಿಗೆ ಕಾಫಿ ಕೊಟ್ಟೆ, ಸಕ್ಕರೆ ಹಾಕಲಿಲ್ಲ.

ಫೆಬ್ರವರಿ 11, ಮಂಗಳವಾರ

ಕೊಳ್ಳೇಗಾಲಕ್ಕೆ ಹೋಗಿ ದಾರ ತಂದೆ. ಇವನಿಗೋಸ್ಕರ ಅಲ್ಲ. ಡಾಕ್ಟರಮ್ಮ ಹೊರಗೆ ಕರೆತನ್ನಿ ಅಂದರಲ್ಲ, ಅದಕ್ಕೆ.

ಸದಾಶಿವಪ್ಪನವರ ಅಂಗಡಿ. ಹಗ್ಗ, ಮೂಗುದಾರ, ಚಾಟಿ, ಬಲೆ, ಗಾಳ, ದಾರ ಎಲ್ಲ ಅಲ್ಲೇ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಗಾಳಕ್ಕೆ ಯಾವ ದಾರ ಒಳ್ಳೆಯದು ಅಂದರೆ ಹೊರಗೋಡೆಗೆ ನೇತುಹಾಕಿದ್ದ ಸುರುಳಿಗಳ ಕಡೆ ಕೈ ತೋರಿಸಿದರು.

"ಇದು ತಕ್ಕಳವ್ವ. ತಂಗೂಸಿ, ಒಂಟಿ ಎಳೆ ನೈಲಾನು. ಪಾಯಿಂಟ್ ಅರವತ್ತು ದಪ್ಪ. ಇಪ್ಪತ್ತು ಕೇಜಿ ತೂಗಾಕಿದ್ರೂ ಕಿತ್ಕಬರಲ್ಲ."

"ಹೊಸಬರಿಗೆ ಆಗುತ್ತದಾ?"

"ಹೊಸಬ್ರಿಗೇ ಗಟ್ಟಿ ಬೇಕಾಗದು ತಾಯಿ."

"ನೀವು ಹಾಕಿ ನೋಡಿದ್ದೀರಾ?"

"ಶಿವಶಿವಾ! ನಾವು ಮೀನು ಮುಟ್ಟೋರಲ್ಲ. ನಮ್ಮಪ್ಪಾಜಿ ಕಾಲದಿಂದ್ಲೂ ಮಾರ್ತೀವಿ ಅಷ್ಟೆ."

ಆಗಲೇ ಎದ್ದು ಬರಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು, ತೆಗೆದುಕೊಂಡು ಬಂದೆ.

ಫೆಬ್ರವರಿ 12, ಬುಧವಾರ

ಹಾಳಾಗಿ ಹೋಗಲಿ ಆ ಅಂಗಡಿ.

ಸಂಜೆ ನನ್ನ ಹೆಗಲ ಮೇಲೆ ಕೈ ಇಡಿಸಿಕೊಂಡು ಕೆರೆಗೆ ಕರೆದುಕೊಂಡು ಹೋದೆ. ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತು ನೋಡಿತು. ನೋಡಿಕೊಳ್ಳಲಿ, ಅವರ್ಯಾರೂ ನಮ್ಮ ಮನೆಗೆ ರಾಗಿ ಹಾಕುವವರಲ್ಲ. ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ಕೂರಿಸಿ, ಎರೆಹುಳು ಚುಚ್ಚಿ, ನಾನೇ ಎಸೆದು ದಾರ ಬೆರಳ ಮೇಲೆ ಇಟ್ಟೆ. ಆ ದಾರವೋ, ಸುತ್ತಿದ ಸುರುಳಿ ಬಿಡಲೇ ಇಲ್ಲ. ನೀರ ಮೇಲೆ ಸ್ಪ್ರಿಂಗಿನ ಹಾಗೆ ಮಲಗಿತ್ತು. ಎಳೆದರೆ ಗಂಟು, ಬಿಟ್ಟರೆ ಗಂಟು. ಮೀನು ಮೂರು ಸಲ ಹುಳ ತಿಂದು ಹೋಯಿತು, ಇವನ ಬೆರಳಿಗೆ ಸುದ್ದಿಯೇ ಇಲ್ಲ. ಬೆರಳೇ ಸತ್ತಿದೆ ಅಂದುಕೊಂಡ. ನಾನು ಆ ದಾರ ಹಿಡಿದು ನೋಡಿದೆ, ನನಗೂ ಏನೂ ಗೊತ್ತಾಗಲಿಲ್ಲ. ಒಣಗಿದ ಬಳ್ಳಿ ಹಿಡಿದಂತಿತ್ತು.

"ಬುಟ್ಟಾಕು. ನಂಗೆ ಇದೂ ಇಲ್ಲ" ಅಂದ.

ಮನೆಗೆ ಬಂದು ಗೋಡೆ ಕಡೆ ತಿರುಗಿದ. ಊಟ ಇಲ್ಲ. ಸೂಜಿಯೂ ಇಲ್ಲ.

ಫೆಬ್ರವರಿ 15, ಶನಿವಾರ

ಎರಡು ದಿನ ಸೂಜಿಗೆ ಕೈ ಕೊಡಲಿಲ್ಲ. ನಿನ್ನೆ ಧನು ಅತ್ತು ಕರೆದು ಒಂದು ಚುಚ್ಚಿದಳು. ನಾನು ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಸದಾಶಿವಪ್ಪನವರು ಅಂಗಡಿಗೆ ಊದುಬತ್ತಿ ಹಚ್ಚುತ್ತಿರುವಾಗಲೇ ಮುಂದೆ ನಿಂತೆ.

"ಇದು ದಾರವಾ ಸ್ವಾಮಿ? ಇದರಲ್ಲಿ ಎಮ್ಮೆ ಕಟ್ಟಬಹುದು. ಅಂಗೈಯಗಲದ ಜಿಲೇಬಿ ಹಿಡಿಯೋಕೆ ಇಪ್ಪತ್ತು ಕೇಜಿ ದಾರ ಯಾಕೆ?"

"ಅಲ್ಲವ್ವ, ಗಟ್ಟಿ ಇರ್ಲಿ ಅಂತ..."

"ಅದನ್ನು ಹೊರಗೆ ಬಿಸಿಲಿಗೆ ತೂಗುಹಾಕಿದ್ದೀರಿ. ನೈಲಾನು ಬಿಸಿಲಿಗೆ ಬಿದ್ದರೆ ಏನಾಗುತ್ತೆ ಗೊತ್ತಾ? ಒರಟಾಗುತ್ತೆ, ಆಮೇಲೆ ಪಟ್ ಅನ್ನುತ್ತೆ. ನೂಲಿನ ವಿಷಯ ನನಗೆ ಹೇಳಬೇಡಿ."

ಪಾಪ, ಅವರ ಬೆಳಗಿನ ಪೂಜೆ ಕೆಟ್ಟಿತು. ಕೆಡಲಿ. ಒಳಗಿನಿಂದ ಒಂದು ಪೆಟ್ಟಿಗೆ ತಂದರು. ಅದರಲ್ಲಿ ಒಂದು ಸುರುಳಿ ಕೈಗೆ ತಗುಲಿತು ನೋಡಿ, ಕೆಳಗಿಡಲು ಮನಸ್ಸೇ ಬರಲಿಲ್ಲ. ಸಣ್ಣ ಸಣ್ಣ ಎಳೆ ಸೇರಿಸಿ ಹೆಣೆದದ್ದು. ಹುರಿ ಹಾಕಿದ ರೇಷ್ಮೆಯೇ ಸರಿ! ಮೆತ್ತಗೆ, ತೆಳ್ಳಗೆ, ಸುರುಳಿ ನಿಲ್ಲುವುದಿಲ್ಲ, ಎಳೆದರೆ ಒಂದು ಕೂದಲಷ್ಟೂ ಹಿಗ್ಗುವುದಿಲ್ಲ. ಒಂದು ತುದಿ ಸದಾಶಿವಪ್ಪನವರ ಕೈಗೆ ಕೊಟ್ಟು ಅಂಗಡಿಯ ಆ ಕೊನೆಗೆ ನಿಲ್ಲಿಸಿ ಉಗುರಲ್ಲಿ ಮುಟ್ಟಿ ಅಂದೆ. ಮುಟ್ಟಿದ್ದು ನೇರ ನನ್ನ ಬೆರಳಿಗೆ ಬಂತು.

"ಅದು ಗೊತ್ತಿರೋರು ತಕ್ಕಂಡೋಗದು ಕಣವ್ವ, ಹೊಸಬ್ರಿಗೆ..." ಅಂತ ಏನೋ ಹೇಳಲು ಬಂದರು.

"ನೀವು ಮೀನು ಮುಟ್ಟೋರಲ್ಲ, ಸುಮ್ಮನಿರಿ" ಅಂದೆ.

ಇಪ್ಪತ್ತಮೂರು ವರ್ಷದ ಬೆರಳು ಇದು. ಅಂಗಡಿಯವನ ಮಾತು ಕೇಳಿ ಒಮ್ಮೆ ಕೆಟ್ಟೆ, ಇನ್ನು ಕೆಡುವುದಿಲ್ಲ.

ಫೆಬ್ರವರಿ 16, ಭಾನುವಾರ

ಸಂಜೆ ಮತ್ತೆ ಕೆರೆಗೆ ಹೋದೆವು.

ಪುಟ್ಟಮಾದಪ್ಪನೂ ಬಂದಿದ್ದ. ಗಾಳಕ್ಕೆ ನಾನೇ ಗಂಟು ಹಾಕಿದೆ, ಫಿಲೇಚರಿನಲ್ಲಿ ಹರಿದ ಎಳೆಗೆ ಹಾಕುವ ಸಣ್ಣ ಗಂಟು. ಗಂಡನ ಬೆರಳ ಮೇಲೆ ದಾರ ಇಟ್ಟು ಐದು ನಿಮಿಷ ಆಗಿಲ್ಲ, "ಬಂತು ಬಂತು! ಮುಟ್ಟತಾ ಅದೆ! ಕುಟುಕುಟು ಅಂತದೆ!" ಅಂತ ಕೂಗಿದ. ಆ ಧ್ವನಿ ಕೇಳಿ ಎಷ್ಟು ತಿಂಗಳಾಗಿತ್ತು. ನಾನು ಹುಚ್ಚಿಯ ಹಾಗೆ "ಎಳೀರಿ, ಎಳೀರಿ" ಅಂತ ಕಿರುಚಿದೆ. ಅವನು ದಾರವನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡು ಎಳೆದ. ಜಿಲೇಬಿಯಲ್ಲ, ದೊಡ್ಡದೇನೋ ಇತ್ತು. ಸರ್ರನೆ ನೀರಿನೊಳಕ್ಕೆ ಹೋಯಿತು. ಆ ದಾರ ಹಿಗ್ಗುವುದಿಲ್ಲವಲ್ಲ. ತೋರುಬೆರಳನ್ನು ಸೀಳಿಕೊಂಡು ಹೋಯಿತು, ಕುಡುಗೋಲು ಹಾಕಿದ ಹಾಗೆ. ನನ್ನ ಗಂಟು ಜಾರಿ ಗಾಳ ಮೀನಿನ ಜೊತೆ ಹೋಯಿತು. ಇಲ್ಲದಿದ್ದರೆ ಬೆರಳೇ ಹೋಗುತ್ತಿತ್ತು.

ನನ್ನ ಸೆರಗೆಲ್ಲ ರಕ್ತ. ಶುಗರ್ ಇರುವ ಕೈ. ಪುಟ್ಟಮಾದಪ್ಪನ ಬೈಕಿನಲ್ಲಿ ಮೂವರೂ ಕೊಳ್ಳೇಗಾಲಕ್ಕೆ ಹೋದೆವು. ಡಾಕ್ಟರಮ್ಮ ಹೊಲಿಗೆ ಹಾಕುತ್ತಾ, "ಯಾರ್ರೀ ಇಂಥ ದಾರ ಇವರ ಕೈಗೆ ಕೊಟ್ಟಿದ್ದು? ಬುದ್ಧಿ ಇಲ್ವಾ? ಇವರ ಗಾಯ ಮಾಗೋದು ಎಷ್ಟು ಕಷ್ಟ ಗೊತ್ತಾ?" ಅಂದರು.

ನಾನೇ ಅಂದೆ.

ಫೆಬ್ರವರಿ 17, ಸೋಮವಾರ

ರೇಷ್ಮೆಯ ಹಾಗಿದೆ ಅಂತ ತಂದೆ. ಬೇರೆ ಯಾರೇ ಆಗಿದ್ದರೂ ತರುತ್ತಿರಲಿಲ್ಲ. ಇವತ್ತು ಬೇರೆ ಯಾರನ್ನೂ ಬಯ್ಯುವುದಿಲ್ಲ.

ಫೆಬ್ರವರಿ 25, ಮಂಗಳವಾರ

ಗಾಯ ಇನ್ನೂ ಹಸಿ. ಬ್ಯಾಂಡೇಜು ಬಿಚ್ಚುವಾಗ ಪ್ರತಿ ದಿನ ಮೂಸಿ ನೋಡುತ್ತೇನೆ. ಕೀವಿಲ್ಲ.

ಗಾಯ ನನಗೋ ಅವನಿಗೋ ಅನ್ನುವಂತಿದೆ. ಬಂದವರಿಗೆಲ್ಲ ಆ ಮೀನಿನ ಕಥೆ. ಮೊದಲ ದಿನ ಒಂದು ಮೊಳ ಇತ್ತು, ಈಗ ಒಂದೂವರೆ ಮೊಳವಾಗಿದೆ. ಬೆಳಿಗ್ಗೆ ಏಳು ಗಂಟೆಗೆ ನಾನಿನ್ನೂ ಒಲೆ ಹಚ್ಚಿರುವುದಿಲ್ಲ, "ಸೂಜಿ ಎಲ್ಲೇ? ಹೊತ್ತಾಯ್ತು. ಬೆಳ್ಳು ಬೇಗ ಮಾಯ್ಬೇಕು" ಅಂತ ಪ್ರಾಣ ತಿನ್ನುತ್ತಾನೆ. ಮುದ್ದೆ ಒಂದೇ ಸಾಕು, ಅನ್ನ ಬೇಡ ಅಂತ ತಾನೇ ಲೆಕ್ಕ ಹೇಳುತ್ತಾನೆ. ಮಲಗಿದ್ದಾಗ ಒಂದು ಕಷ್ಟ, ಎದ್ದು ಕೂತರೆ ನೂರು ಕಷ್ಟ. ನನ್ನ ತಲೆ ಚಿಟ್ಟು ಹಿಡಿದು ಹೋಗಿದೆ.

ಮಾರ್ಚ್ 8, ಶನಿವಾರ

ಗಾಯ ಒಣಗಿತು. ಡಾಕ್ಟರಮ್ಮ ಹೊಲಿಗೆ ಬಿಚ್ಚಿ, ಮತ್ತೆ ಅದೇ ದಾರ ತಂದರೆ ನಿಮ್ಮ ಮೇಲೆ ಕೇಸ್ ಹಾಕಿಸ್ತೀನಿ ಅಂದರು. ಹಾಕಿಸಲಿ. ಅಲ್ಲಿಂದ ನೇರ ಸದಾಶಿವಪ್ಪನವರ ಅಂಗಡಿಗೆ ಹೋದೆ.

"ಹೆಣೆದ ದಾರದ ವಿಷಯ ಏನೋ ಹೇಳೋಕೆ ಬಂದಿರಲ್ಲ, ಗಟ್ಟಿಯಾಗಿ ಯಾಕೆ ಹೇಳಲಿಲ್ಲ?" ಅಂದೆ.

"ನೀವು ಯೋಳಕ್ ಬುಡ್ಬೇಕಲ್ಲ ತಾಯಿ" ಅಂದರು. ಎಂಥ ಅಹಂಕಾರ ನೋಡಿ!

ಪೆಟ್ಟಿಗೆಯೆಲ್ಲ ಹೊರಗೆ ಹಾಕಿಸಿದೆ. ಕಣ್ಣು ಮುಚ್ಚಿಕೊಂಡು ಒಂದೊಂದೇ ಸುರುಳಿ ಹಿಡಿದೆ. ಪಾಯಿಂಟ್ ಇಪ್ಪತ್ತು ತೀರಾ ಸಣ್ಣದು. ಬೆರಳು ಕೊಯ್ಯುತ್ತದೆ, ಕಲ್ಲಿಗೆ ತಗುಲಿದರೆ ಹರಿಯುತ್ತದೆ. ಪಾಯಿಂಟ್ ನಲವತ್ತು ಸುರುಳಿ ಬಿಡುವುದಿಲ್ಲ. ನಡುವೆ ಪಾಯಿಂಟ್ ಮೂವತ್ತು. ಅದರಲ್ಲೂ ಮೂರು ತರಹ ಇತ್ತು. ಒಂದು ಗಾಜಿನ ಹಾಗೆ ಬಿರುಸು. ಒಂದರ ಮೈಮೇಲೆ ಉಗುರು ಎಳೆದರೆ ಅಲ್ಲಲ್ಲಿ ತಡೆಯಿತು, ಹಳೆಯ ಮಾಲು. ಮೂರನೆಯದು ಮೆತ್ತಗಿತ್ತು. ಒಂದು ಮಾರು ಬಿಚ್ಚಿ ನಿಧಾನ ಎಳೆದೆ. ಸ್ವಲ್ಪ ಹಿಗ್ಗಿತು, ಬಿಟ್ಟರೆ ಮೊದಲಿನಂತಾಯಿತು. ಮೀನು ಜಗ್ಗಿದರೆ ಮೊದಲು ದಾರ ಹಿಗ್ಗಬೇಕು, ಬೆರಳು ಆಮೇಲೆ. ಇಷ್ಟು ನನಗೆ ಮೊದಲೇ ಹೊಳೆಯಲಿಲ್ಲವಲ್ಲ, ಥೂ.

ಪಕ್ಕದಲ್ಲಿ ಒಬ್ಬ ಇನ್‌ಶರ್ಟ್ ಮಾಡಿದ ಮನುಷ್ಯ ನಿಂತಿದ್ದ. ಹನೂರಿನ ಯಾವುದೋ ಬ್ಯಾಂಕಿಗೆ ವರ್ಗವಾಗಿ ಬಂದವನಂತೆ. ಹೊಸದಾಗಿ ಗಾಳದ ಚಟ ಹತ್ತಿದೆ. ಅದೇ ಇಪ್ಪತ್ತು ಕೇಜಿಯ ದಾರ ಕೈಯಲ್ಲಿ ಹಿಡಿದಿದ್ದ.

"ಯಾವ ಮೀನು ಹಿಡಿಯುತ್ತೀರಿ?" ಅಂದೆ.

"ಇನ್ನೂ ಒಂದೂ ಹಿಡಿದಿಲ್ಲ ಮೇಡಂ."

"ಹಾಗಿದ್ದರೆ ಅದನ್ನು ಕೆಳಗಿಡಿ. ಅದು ಮೊಸಳೆಗೆ. ಕೋಲಿದೆಯಾ? ಕೋಲಿದ್ದರೆ ಪಾಯಿಂಟ್ ಇಪ್ಪತ್ತೈದು ಸಾಕು. ಮೆತ್ತಗಿರುವುದು ನೋಡಿಕೊಳ್ಳಿ. ಬಿಸಿಲಲ್ಲಿ ನೇತುಹಾಕಿದ್ದು ಬೇಡ. ಮನೆಗೆ ಹೋಗಿ ಬೆರಳ ಸಂದಿಯಲ್ಲಿ ಪೂರ್ತಿ ಎಳೆದು ನೋಡಿ, ಒರಟು ಸಿಕ್ಕಿದ ಕಡೆ ಕತ್ತರಿಸಿ ಬಿಸಾಕಿ. ಬಿಸಾಕುವುದು ಅಂದರೆ ಕೆರೆಗಲ್ಲ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತೆ, ಮನೆಯ ಕಸಕ್ಕೆ."

ಅವನು ಫೋನಿನಲ್ಲಿ ಬರೆದುಕೊಂಡ. ಸದಾಶಿವಪ್ಪನವರು ಗಲ್ಲದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದವರು, "ಅವ್ವ, ನೀವು ವಾರಕ್ಕೊಂದಿನ ಬಂದು ಇಲ್ಲೇ ಕುಂತ್ಕಳಿ" ಅಂದರು. ನನಗೆ ಬೇರೆ ಕೆಲಸ ಇಲ್ಲವಾ ಅಂತ ರೇಗಿದೆ. ಎರಡನೇ, ನಾಲ್ಕನೇ ಶನಿವಾರ ಆದರೆ ಧನು ಮನೆಯಲ್ಲಿರುತ್ತಾಳೆ, ನೋಡೋಣ.

ಮಾರ್ಚ್ 11, ಮಂಗಳವಾರ

ಕೆರೆಗೆ ಹೋಗುವ ಮೊದಲು ಅಂಗಳದಲ್ಲೇ ಕಲಿಸಿದೆ. ಫಿಲೇಚರಿಗೆ ಹೊಸಬರು ಬಂದಾಗ ನಾನು ಕಣ್ಣು ಮುಚ್ಚಿಸಿಯೇ ಎಳೆ ಎಣಿಸುವುದು ಕಲಿಸುತ್ತಿದ್ದೆ. ಕಣ್ಣು ಬಿಟ್ಟರೆ ಬೆರಳು ಸೋಮಾರಿಯಾಗುತ್ತದೆ. ದಾರದ ಒಂದು ತುದಿ ಜಗಲಿಯ ಮೇಲೆ ಕೂತ ನಮ್ಮ ಯಜಮಾನರ ಬೆರಳ ಮೇಲೆ, ಇನ್ನೊಂದು ತುದಿ ಸೀಬೆ ಮರದ ಹತ್ತಿರ ನನ್ನ ಕೈಯಲ್ಲಿ. ಒಂದು ಸಲ ಮುಟ್ಟಿದರೆ ಹುಳ ಮೂಸಿದ್ದು. ಎರಡು ಸಲ ಕುಟುಕಿದರೆ ಬಾಯಿಗೆ ಹಾಕಿದ್ದು. ಎಳೆದುಕೊಂಡು ಹೊರಟರೆ ಆಗ ಜಗ್ಗಬೇಕು. ಬೆರಳಿಗೆ ಸುತ್ತಿಕೊಳ್ಳಬಾರದು, ಸತ್ತರೂ ಸುತ್ತಿಕೊಳ್ಳಬಾರದು.

ಮೊದಲು ಎಲ್ಲ ತಪ್ಪು ಹೇಳಿದರು. ಆಮೇಲೆ ಗಾಳಿಗೆ ದಾರ ಅಲುಗಿದ್ದನ್ನೂ, ನಾನು ಮುಟ್ಟಿದ್ದನ್ನೂ ಬೇರೆ ಬೇರೆ ಹೇಳಿದರು. ಬೇಕೆಂದೇ ನಾನು ದಾರ ಜಗ್ಗದೆ ನಿಂತೆ. "ಈಗ ನೀನು ಸೆರಗಲ್ಲಿ ಬೆವರು ಒರೆಸ್ಕತಿದ್ದೀಯೆ" ಅಂದರು. ನಿಜ! ಪುಟ್ಟಮಾದಪ್ಪ ಬೇಲಿಯಾಚೆ ನಿಂತು ಹಲ್ಲು ಕಿರಿದ. ಅವನೇ ಗಂಟಿಗೂ ಒಂದು ಮಾತು ಹೇಳಿದ: "ಅಕ್ಕ, ನಿಮ್ಮ ರೇಷ್ಮೆ ಗಂಟು ಇದ್ಕೆ ನಿಲ್ಲಲ್ಲ. ಐದಾರು ಸುತ್ತು ಸುತ್ತಿ, ಉಗುಳು ಆಕಿ ಒದ್ದೆ ಮಾಡಿ ಬಿಗೀರಿ." ಟ್ರ್ಯಾಕ್ಟರ್ ಡ್ರೈವರು ನನಗೆ ಗಂಟು ಹೇಳಿಕೊಡುತ್ತಾನೆ! ಆದರೂ ಒದ್ದೆ ಮಾಡಿ ಬಿಗಿದೆ. ತೊಟ್ಟಿಯಲ್ಲಿ ಯಾವ ಗಂಟನ್ನು ನಾವು ಒಣಗಿದ ದಾರಕ್ಕೆ ಹಾಕಿದ್ದೆವು? ಜಾರಲಿಲ್ಲ.

ಅವನು ಹೋದ ಮೇಲೆ ದಾರ ಸುತ್ತುತ್ತಾ ನಾನು ಸುಮ್ಮನೆ ಕೇಳಿದೆ, "ಆ ಕಣ್ಣಿನ ಚೀಟಿ ಯಾಕೆ ಬಚ್ಚಿಟ್ಟಿರಿ? ಡ್ಯೂಟಿ ಹೋಗುತ್ತೆ ಅಂತಲಾ?"

ಮಾಗಿದ ತೋರುಬೆರಳನ್ನು ಹೆಬ್ಬೆರಳಲ್ಲಿ ಉಜ್ಜಿಕೊಂಡರು.

"ಡ್ಯೂಟಿಗಲ್ಲ ಕಣೆ. ನಿನ್ನ ಬಾಯಿಗೆ ಎದರ್ಕಂಡೆ. ಶುಗರು ಬಂದಾಗ ಆರು ತಿಂಗ್ಳು ಬಯ್ದೆ. ಕಣ್ಣು ಅಂದ್ರೆ ಇನ್ನೆಷ್ಟು ಬಯ್ತಾಳೋ, ಆಮೇಲ್ ಯೋಳನ, ಆಮೇಲ್ ಯೋಳನ ಅಂತ..."

ಬಯ್ದೆ. ಹೌದು ಬಯ್ದೆ! ಪ್ರೀತಿ ಇಲ್ಲದೆ ಬಯ್ಯುತ್ತಾರಾ ಯಾರಾದರೂ? ನನ್ನ ಮೇಲೆ ಹಾಕಿಬಿಟ್ಟರಲ್ಲ! ತಾವು ಮಾಡಿದ್ದಕ್ಕೆ ನನ್ನ ಬಾಯಿ ಹೊಣೆಯಾ? ಇಪ್ಪತ್ತೈದು ವರ್ಷದ ಹೆಂಡತಿಯ ಬಾಯಿಗಿಂತ ಕಣ್ಣು ಹೋಗುವುದು ಸುಲಭವಾಯಿತಾ? ಕೇಳಬೇಕಿತ್ತು. ಬೀದಿಗೆ ಕೇಳುವ ಹಾಗೆ ಕೇಳಬೇಕಿತ್ತು. ಒಳಗೆ ಬಂದು ಅಕ್ಕಿ ಆರಿಸುತ್ತಾ ಕೂತೆ. ಮೂರು ಸಲ ಆರಿಸಿದೆ.

ಮಾರ್ಚ್ 12, ಬುಧವಾರ

ಏನೂ ಬರೆಯುವುದಿಲ್ಲ.

ಮಾರ್ಚ್ 16, ಭಾನುವಾರ

ಇವತ್ತು ನನಗೆ ಆದ ಅವಮಾನ ಬರೆದಿಡಬೇಕು.

ನಾಲ್ಕು ಗಂಟೆಗೆ ಕೆರೆಗೆ ಹೋದೆವು. ಇವರನ್ನು ಮೆಟ್ಟಿಲ ಮೇಲೆ ಕೂರಿಸಿ, ಹುಳ ಚುಚ್ಚಿ ಕೊಟ್ಟೆ. ಎಸೆಯುವುದು ತಾವೇ ಎಸೆದರು. ನಾನು ಪಕ್ಕದಲ್ಲಿ ಕೂತು, ದಾರ ಸಡಿಲ ಬಿಡಬೇಡಿ, ಬೆರಳು ಎತ್ತಬೇಡಿ, ಕಾಲು ಒಳಗೆ ಎಳೆದುಕೊಳ್ಳಿ, ಟೋಪಿ ಹಾಕಿಕೊಳ್ಳಿ ಅಂತ ನಾಲ್ಕು ಮಾತು ಹೇಳಿರಬಹುದು. ತಪ್ಪಾ?

"ಲೇ ಮಾದೇವಿ, ನೀನು ಮನೆಗೋಗು."

"ಏನಂದಿರಿ?"

"ಮನೆಗೋಗು ಅಂದೆ. ನಿನ್ನ ಗಲಾಟೆಗೆ ಮೀನೆಲ್ಲ ಯಳಂದೂರಿಗೆ ಓಯ್ತವೆ. ನಾನ್ ಇಲ್ಲೇ ಕುಂತಿರ್ತೀನಿ, ಹೊತ್ತು ಮುಳುಗಾಕೆ ಮುಂಚೆ ಬಂದು ಕರ್ಕಂಡೋಗು."

ಬೆರಳು ಸೀಳಿದಾಗ ಸೆರಗು ಹರಿದು ಕಟ್ಟಿದವಳು ನಾನು. ದಾರಕ್ಕೆ ಅಂತ ಮೂರು ಸಲ ಕೊಳ್ಳೇಗಾಲಕ್ಕೆ ಅಲೆದವಳು ನಾನು. ಈಗ ನಾನು ಗಲಾಟೆ! ಕೋಪ ನೆತ್ತಿಗೇರಿ ಎದ್ದು ದಡದಡ ನಡೆದುಬಿಟ್ಟೆ. ಏರಿ ಹತ್ತಿದ ಮೇಲೆ ತಿರುಗಿ ನೋಡಿದೆ. ಕೆಳಗೆ ಅಷ್ಟು ನೀರು, ಇವರೊಬ್ಬರೇ. ಹೋಗುವುದು ಹೇಗೆ? ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಇಳಿದು ಬಂದು, ಹೊಂಗೆ ಮರದ ಹಿಂದೆ ಕೂತೆ. ಹತ್ತು ಹೆಜ್ಜೆ ದೂರ. ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿಕೊಂಡೆ. ಇರುವೆ ಕಚ್ಚಿತು, ಅಲುಗಲಿಲ್ಲ. ಎರಡು ಸಲ ಮೀನು ಹುಳ ತಿಂದು ಹೋಯಿತು. ಇವರು ಸೂಜಿಗೆ ದಾರ ಪೋಣಿಸುವವರ ಹಾಗೆ ತಡವಿ ತಡವಿ ಹೊಸ ಹುಳ ತಾವೇ ಚುಚ್ಚಿಕೊಂಡರು. ಒಮ್ಮೆ ಗಾಳ ಹೆಬ್ಬೆರಳಿಗೆ ತಗುಲಿ "ಸ್ಸ್" ಅಂದರು. ನನ್ನ ನಾಲಗೆ ತುದಿಗೆ ಬಂದದ್ದನ್ನು ಅಲ್ಲೇ ಕಚ್ಚಿಕೊಂಡೆ.

ಹೊತ್ತು ಇಳಿಯುವ ವೇಳೆಗೆ ಬೆರಳು ಬಿಗಿಯಾಯಿತು. ನನಗೆ ಇಲ್ಲಿಂದಲೇ ಕಂಡಿತು. ಒಂದು ಸಲ. ಕಾದರು. ಎರಡು ಸಲ. ಕಾದರು. ಎಳೆದುಕೊಂಡು ಹೊರಟಿತು, ಜಗ್ಗಿದರು. ಬೆರಳಿಗೆ ಸುತ್ತಿಕೊಳ್ಳಲಿಲ್ಲ. ಕೈ ಮೇಲೆ ಕೈ ಹಾಕಿ ನಿಧಾನವಾಗಿ ಎಳೆದರು, ದಾರ ಹಿಗ್ಗಿತು, ಬಿಟ್ಟುಕೊಟ್ಟರು, ಮತ್ತೆ ಎಳೆದರು. ಮೆಟ್ಟಿಲ ಮೇಲೆ ಅಂಗೈಗಿಂತ ದೊಡ್ಡ ಜಿಲೇಬಿ ಪಟಪಟ ಬಡಿದುಕೊಂಡಿತು. ಎರಡು ಕೈಯಲ್ಲೂ ಅದನ್ನು ಅದುಮಿ ಹಿಡಿದು, ಊರಿನ ಕಡೆ ಮುಖ ಮಾಡಿ ಕೂಗಿದರು.

"ಮಾದೇವೀ! ಲೇ ಮಾದೇವೀ! ಬಾರೇ!"

ಇಲ್ಲಿಂದಲೇ ಓ ಅಂದರೆ ಹೋಗಲೇ ಇಲ್ಲ ಅಂತ ಗೊತ್ತಾಗುತ್ತದೆ. ಬರಿಗಾಲಲ್ಲಿ ಏರಿಯ ಹಿಂದಿನಿಂದ ಸುತ್ತಿ ಓಡಿದೆ. ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ! ದಾರಿಗೆ ಬಂದು ಚಪ್ಪಲಿ ಹಾಕಿಕೊಂಡು, ಟಪಟಪ ಸದ್ದು ಮಾಡುತ್ತಾ ಇಳಿದು, "ಏನು ಹಂಗೆ ಕೂಗೋದು, ಊರಿಗೆಲ್ಲ ಕೇಳೋ ಹಾಗೆ?" ಅಂದೆ. ಉಸಿರು ಸಿಗುತ್ತಿರಲಿಲ್ಲ.

"ಮನೆಯಿಂದ ಓಡ್ ಬಂದ್ಯಾ?"

"ಇನ್ನೇನು ಹಾರಿಕೊಂಡು ಬರಲಾ?"

ಮೀನು ನನ್ನ ಕೈಗೆ ಕೊಟ್ಟರು. ಎಷ್ಟು ಉದ್ದ ಇದೆ, ಯಾವ ಬಣ್ಣ, ಬೆನ್ನ ಮೇಲೆ ಮುಳ್ಳು ಎದ್ದಿದೆಯಾ, ಎಲ್ಲ ಕೇಳಿದರು. ನಾನು ಎಲ್ಲ ಹೇಳಿದೆ. ಆಮೇಲೆ ದಾರ ಬಾಟಲಿಗೆ ಸುತ್ತುತ್ತಾ, ನೀರಿನ ಕಡೆಯೇ ಮುಖ ಇಟ್ಟುಕೊಂಡು,

"ಇನ್ನೊಂದ್ ವಿಸ್ಯ. ಬಲ್ಗಾಲಿನ ಇಮ್ಮಡೀಲಿ ಏನೋ ಒಡ್ದದೆ. ಮೊನ್ನೆಯಿಂದ ಒದ್ದೆ ಒದ್ದೆ. ನೋವಿಲ್ಲ. ಕಿರುಬೆಳ್ಳಷ್ಟಗಲ ಇರ್ಬೋದು" ಅಂದರು.

ಪಂಚೆ ಸರಿಸಿ ಹಿಮ್ಮಡಿ ನೋಡಿದೆ. ಹುಣ್ಣು. ಅಂಚು ಬೆಳ್ಳಗಾಗಿದೆ. ನನ್ನ ಬಾಯಿಗೆ ಏನೇನೋ ಬಂತು. ಇವರು ಹೆಗಲು ಕುಗ್ಗಿಸಿಕೊಂಡು ಕಾಯುತ್ತಿದ್ದರು, ಇವಳ ಬಾಯಿಂದ ಈಗ ಬಯ್ಗುಳ ಬರುತ್ತೆ ಅಂತ.

"ಸರಿ, ಏಳಿ. ಒದ್ದೆ ಮಾಡ್ಕೋಬೇಡಿ. ನಾಳೆ ಮೊದಲನೇ ಬಸ್ಸಿಗೆ ಹೋಗೋಣ" ಅಂದೆ.

ಇವರು ಎದ್ದರು. ಹೆಗಲ ಮೇಲೆ ಕೈ ಇಟ್ಟರು. ದಾರಿಯುದ್ದಕ್ಕೂ ಹುಳಿ ಜಾಸ್ತಿ ಹಾಕು, ಖಾರ ಕಡಿಮೆ ಮಾಡು, ತಲೆ ನನಗೆ, ಬಾಲ ಧನುಗೆ ಅಂತ ಒಂದೇ ಸಮನೆ ಅಪ್ಪಣೆ. ನನ್ನನ್ನು ಗಲಾಟೆ ಅಂದ ಮನುಷ್ಯ ಇದು! ತಲೆ ಸಿಡಿದು ಹೋಯಿತು. ಸಾರು ಕುದಿಯುತ್ತಿದೆ, ಇಳಿಸಬೇಕು. ಮೊದಲನೇ ಬಸ್ಸು ಆರೂವರೆಗೆ. ಹುಣ್ಣು ಮೊನ್ನೆಯದು, ಇವತ್ತು ಹೇಳಿದರು. ಮೂರು ವರ್ಷದ್ದಲ್ಲ, ಮೊನ್ನೆಯದು.